ನಾಲ್ಕು ತಲೆಗೆ ಒಂದು ಫೋನು

ಒಂದು ಸಣ್ಣ ಜಗಳದಿಂದ ಶುರು ಮಾಡುತ್ತೇನೆ. ಜಗಳವಾಡಿದವರು ಎಂಟನೇ ತರಗತಿಯ ನಾಲ್ಕು ಮಕ್ಕಳು. ನಾನು ಪಾಠ ಮಾಡುತ್ತಿದ್ದ, ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಜಗಳಕ್ಕೆ ಕಾರಣ ಒಂದೇ ಒಂದು ಪದ.

ಆ ಊರಿನಲ್ಲಿ ಹಳೆಯ ಕೆರೆಯೊಂದಿದೆ. ಉದ್ದನೆಯ ಏರಿ, ಎರಡು ತೂಬು, ಒಂದು ಕೋಡಿ, ಕೆಳಗೆ ಅಚ್ಚುಕಟ್ಟು. ಹಿಂದೆ ತೂಬೆತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿ ಆಗಿನ್ನೂ ಇದ್ದರು. ಎಂಬತ್ತರ ಆಸುಪಾಸಿನ ಅಜ್ಜ. ನಾನು ಮಕ್ಕಳಿಗೆ, "ಹೋಗಿ ಅವರನ್ನು ಮಾತಾಡಿಸಿಕೊಂಡು ಬನ್ನಿ, ನಾಲ್ವರೂ ಸೇರಿ ಒಂದು ಪುಟ ಬರೆಯಿರಿ" ಎಂದೆ. ನಾಲ್ವರಿಗೂ ಸೇರಿ ಒಂದು ಫೋನು ಕೊಟ್ಟೆ. ನನ್ನದೇ ಹಳೆಯ ಫೋನು. ಗಾಜು ಒಂದು ಮೂಲೆಯಲ್ಲಿ ಒಡೆದಿತ್ತು. ಸಿಮ್ ತೆಗೆದಿದ್ದೆ. ಆಡಿದ ಮಾತನ್ನು ಹಿಡಿದಿಡುವುದು, ಮತ್ತೆ ಕೇಳಿಸುವುದು, ಅದಕ್ಕೆ ಬರುತ್ತಿದ್ದದ್ದು ಅಷ್ಟೇ.

ಮಕ್ಕಳು ಹತ್ತು ಹನ್ನೊಂದು ನಿಮಿಷದ ಮಾತು ಹಿಡಿದು ತಂದರು. ಮಾರನೆಯ ದಿನ ಹಿಂದಿನ ಬೆಂಚಿನಲ್ಲಿ ಬರೆಯಲು ಕೂತರು. ತೂಬು ಎತ್ತಿದರೆ ನೀರು ಮೊದಲು ಯಾರ ಗದ್ದೆಗೆ? ಒಬ್ಬ ಹುಡುಗ, "ಈ ಕಡೆ ಗದ್ದೆಗೆ ಅಂದ್ರು" ಎಂದ. ಈ ಕಡೆ, ಅಂದರೆ ತೂಬಿನ ಪಕ್ಕದ್ದು. ಎದುರಿಗಿದ್ದ ಹುಡುಗಿ, "ಈ ಕಡೆ ಅಲ್ವೋ, ಕಡೇ ಗದ್ದೆಗೆ ಅಂದ್ರು" ಎಂದಳು. ಕಡೇ, ಅಂದರೆ ಕೊನೆಯದು. ಕನ್ನಡದ 'ಕಡೆ' ಎಂಬ ಪದದ ಕಿತಾಪತಿ ನೋಡಿ. ಪಕ್ಕ ಎಂದರೂ ಅದೇ, ಕೊನೆ ಎಂದರೂ ಅದೇ.

ಫೋನು ಮೇಜಿನ ನಡುವೆ ಬಂತು. ಒಮ್ಮೆ ಕೇಳಿದರು. ಅಜ್ಜನ ಕೆಮ್ಮು ಅಡ್ಡ ಬಂತು. ಮತ್ತೊಮ್ಮೆ ಕೇಳಿದರು. ಮೂರನೆಯ ಸಲ ನಾಲ್ಕು ತಲೆಗಳೂ ಒಂದಕ್ಕೊಂದು ತಾಗುವಷ್ಟು ಬಗ್ಗಿದವು. ಅಜ್ಜ ಹೇಳಿದ್ದು 'ಕಡೇ ಗದ್ದೆ' ಎಂದೇ.

ಹುಡುಗ ಸೋತ. ಆದರೆ ಬಿಡಲಿಲ್ಲ. "ಅದೆಂಗಾಯ್ತದೆ? ನೀರು ಹತ್ರದ ಗದ್ದೆ ದಾಟ್ಕೊಂಡು ತಾನೇ ಹೋಗೋದು?" ಎಂದ. ಒಳ್ಳೆಯ ಪ್ರಶ್ನೆ. ಅಲ್ಲಿಯವರೆಗೆ ಬಾಯಿಯನ್ನೇ ಬಿಡದಿದ್ದ ಇನ್ನೊಬ್ಬ ಹುಡುಗಿ ಆಗ ಮಾತಾಡಿದಳು. "ನಮ್ದು ಕಡೇ ಗದ್ದೆ. ಹತ್ರದೋರು ಮೊದ್ಲು ತಗಂಡ್ರೆ ನಮಗ್ ಬರೋ ಹೊತ್ಗೆ ನೀರೇ ಇರಲ್ಲ. ಹತ್ರದೋರಿಗೆ ಯಾವಾಗ್ ಬೇಕಾದ್ರೂ ಸಿಕ್ತದೆ."

ಮೂವರೂ ಅವಳ ಮುಖ ನೋಡಿದರು. ಬರೆಯುವ ಪುಟ ಅವಳ ಕೈಗೆ ಹೋಯಿತು. ಆ ಹುಡುಗಿ ಆ ವರ್ಷ ನನ್ನ ತರಗತಿಯಲ್ಲಿ ತಾನಾಗಿ ಆಡಿದ ಮೊದಲ ಮಾತು ಅದು.

ಈ ಹೊತ್ತಿನ ನನ್ನ ವಿಷಯ, ಮಕ್ಕಳು ಕೂಡಿ ಕಲಿಯುವುದಕ್ಕೆ ತಂತ್ರಜ್ಞಾನ ಹೇಗೆ ನೆರವಾಗಬಹುದು ಎಂಬುದು. ನಾನು ಹೇಳುವುದು ಒಂದೇ ಮಾತು. ತರಗತಿಗೆ ಬಂದ ಯಂತ್ರದ ಬೆಲೆಯನ್ನು ಅದರ ಪೆಟ್ಟಿಗೆಯ ಮೇಲೆ ನೋಡಬೇಡಿ. ಅದು ನಡುವೆ ಇದ್ದಾಗ ಮಕ್ಕಳು ಒಬ್ಬರೊಡನೊಬ್ಬರು ಎಷ್ಟು ಮಾತಾಡಿದರು, ಅದನ್ನು ನೋಡಿ. ಈ ಲೆಕ್ಕದಲ್ಲಿ, ಮಗುವಿಗೊಂದು ಯಂತ್ರಕ್ಕಿಂತ ನಾಲ್ಕು ಮಕ್ಕಳಿಗೊಂದು ಯಂತ್ರ ಎಷ್ಟೋ ಸಲ ಮೇಲು.

ಇದು ಬಡತನಕ್ಕೆ ಹೇಳುವ ಸಮಾಧಾನ ಎಂದು ನಿಮಗೆ ಅನ್ನಿಸಬಹುದು. ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ಹಳ್ಳಿಗಳ ಕೂಲಿಮಠದಲ್ಲಿ, ಅಂದರೆ ಹಳೆಯ ಕಾಲದ ಊರ ಶಾಲೆಯಲ್ಲಿ, ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ದೊಡ್ಡ ಹುಡುಗ ಚಿಕ್ಕವನ ಕೈ ಹಿಡಿದು ತಿದ್ದಿಸುತ್ತಿದ್ದ. ಸಂಜೆ ಒಬ್ಬ ಮಗ್ಗಿ ಹೇಳಿಕೊಟ್ಟರೆ ಉಳಿದವರು ಒಟ್ಟಾಗಿ ಹೇಳುತ್ತಿದ್ದರು. ತಮಿಳುನಾಡಿನಲ್ಲೂ ಇದೇ ಪದ್ಧತಿ ಇತ್ತು. 1789ರಲ್ಲಿ ಮದ್ರಾಸಿನ ಎಗ್ಮೋರಿನ ಅನಾಥಾಲಯದ ಶಾಲೆಯ ಹೊಣೆ ಹೊತ್ತ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಗೂ ಅದನ್ನು ತಂದ. 1797ರಲ್ಲಿ ಇಂಗ್ಲೆಂಡಿನಲ್ಲಿ ಅದರ ಬಗ್ಗೆ ಪುಸ್ತಕ ಹೊರತಂದ. ಮಕ್ಕಳಿಂದ ಮಕ್ಕಳಿಗೆ ಕಲಿಸುವ ಆ ಕ್ರಮಕ್ಕೆ ಅಲ್ಲಿ 'ಮದ್ರಾಸ್ ಪದ್ಧತಿ' ಎಂಬ ಹೆಸರೇ ಬಿತ್ತು. ಮರಳಿನ ಹಲಗೆಯೂ ಆ ಕಾಲದ ತಂತ್ರಜ್ಞಾನವೇ. ಅಳಿಸುವುದು ಸುಲಭ. ತಪ್ಪಿದರೆ ನಾಚಿಕೆಯಿಲ್ಲ. ಪಕ್ಕದವನಿಗೆ ಕಾಣುತ್ತದೆ, ಅವನ ಬೆರಳೂ ಅಲ್ಲಿಗೆ ಬರುತ್ತದೆ.

ಮರಳಾಯಿತು. ಈಗ ನೀವು ಕೇಳುತ್ತಿರುವ ಈ ರೇಡಿಯೋಕ್ಕೆ ಬರೋಣ. ನನ್ನ ಮಾತು ನಿಮಗೆ ಕೇಳಿಸುತ್ತಿದೆ, ನಿಮ್ಮ ಮಾತು ನನಗೆ ಕೇಳಿಸದು. ಕಲಿಕೆಗೆ ಇದೊಂದು ದೊಡ್ಡ ಕೊರತೆ. ಈ ಕೊರತೆಯನ್ನು ಒಂದು ಕಡೆ ಜಾಣತನದಿಂದ ತುಂಬಿಕೊಂಡರು. 1974ರಲ್ಲಿ ಮಧ್ಯ ಅಮೆರಿಕದ ನಿಕರಾಗುವಾ ಎಂಬ ಪುಟ್ಟ ದೇಶದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ರೇಡಿಯೋದಲ್ಲಿ ಗಣಿತ ಕಲಿಸಲು ಹೊರಟರು. ಅವರು ಮಾಡಿದ್ದು ಇಷ್ಟೇ. ರೇಡಿಯೋ ಪ್ರಶ್ನೆ ಕೇಳುತ್ತದೆ. ಆಮೇಲೆ ಕೆಲವು ಸೆಕೆಂಡು ಸುಮ್ಮನಾಗುತ್ತದೆ.

ಆ ಮೌನದಲ್ಲಿ ಮಕ್ಕಳು ಒಟ್ಟಾಗಿ ಉತ್ತರ ಕೂಗುತ್ತಾರೆ. ಆಮೇಲೆ ರೇಡಿಯೋ ಸರಿಯುತ್ತರ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಶಿಕ್ಷಣ ಇಲಾಖೆ ಆಕಾಶವಾಣಿಯ ಮೂಲಕ ನಡೆಸಿದ 'ಚುಕ್ಕಿ ಚಿನ್ನ', 'ಕೇಳಿ ಕಲಿ' ಪಾಠಗಳನ್ನು ನಿಮ್ಮಲ್ಲಿ ಕೆಲವರು ಶಾಲೆಯಲ್ಲಿ ಕೇಳಿರಬಹುದು. ರೇಡಿಯೋ ಎದ್ದು ನಿಲ್ಲಿ ಎಂದರೆ ಮಕ್ಕಳು ಎದ್ದು ನಿಲ್ಲುತ್ತಿದ್ದರು. ಪಕ್ಕದವರನ್ನು ಕೇಳಿ ಎಂದರೆ ಕೇಳುತ್ತಿದ್ದರು. ಇಡೀ ತರಗತಿಗೆ ಒಂದೇ ಪೆಟ್ಟಿಗೆ. ಅದರ ಅತ್ಯಂತ ಬೆಲೆಬಾಳುವ ಭಾಗ ಅದು ಮಾತಾಡದ ಆ ಕೆಲವು ಸೆಕೆಂಡುಗಳು.

ಬಾನುಲಿಯಲ್ಲಿ ಮೌನ ಬಿಡುವುದು ನಿಲಯದವರಿಗೆ ಎಷ್ಟು ಭಯದ ವಿಷಯವೆಂದು ಇಲ್ಲಿ ಕೂತ ಮೇಲೆ ನನಗೆ ತಿಳಿಯಿತು. ಆದ್ದರಿಂದ ನಾನು ಮೌನ ಬಿಡುತ್ತಿಲ್ಲ.

ಆದರೆ ಒಂದು ಎಚ್ಚರಿಕೆ. ಒಂದು ಯಂತ್ರದ ಮುಂದೆ ಎಲ್ಲರನ್ನೂ ಕೂರಿಸಿದ ಮಾತ್ರಕ್ಕೆ ಕೂಡಿ ಕಲಿತಂತಾಗದು. 1975ರ ಆಗಸ್ಟಿನಿಂದ ಒಂದು ವರ್ಷ ನಮ್ಮ ದೇಶದಲ್ಲಿ ಉಪಗ್ರಹದಿಂದ ಟಿವಿ ಪಾಠ ಬಂತು. 'ಸೈಟ್' ಎಂದು ಅದರ ಹೆಸರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಊರಿಗೊಂದು ಟಿವಿ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಊರವರಿಗೆ ಕಾರ್ಯಕ್ರಮ. ಬಹು ದೊಡ್ಡ ಸಾಹಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟಿವಿ ಯಾರಿಗೂ ಕಾಯುವುದಿಲ್ಲ. ಮುಂದೆ ಕೂತ ಮಗುವಿಗೆ ಅರ್ಥವಾಯಿತೋ ಇಲ್ಲವೋ, ಅದರ ಪಾಡಿಗೆ ಅದು ಮುಂದೆ ಹೋಗುತ್ತದೆ. ಇಂದಿನ ಸ್ಮಾರ್ಟ್ ಕ್ಲಾಸಿನ ಗೋಡೆಯ ಪರದೆಯೂ ಹೆಚ್ಚಿನ ಕಡೆ ಆ ಟಿವಿಯ ಮೊಮ್ಮಗನೇ. ಚಿತ್ರ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ. ಮಕ್ಕಳು ಮಾತ್ರ ಸಾಲಾಗಿ ಕೂತು ಮುಂದಿನವರ ಬೆನ್ನು ನೋಡುತ್ತಾರೆ.

ಹಾಗಾದರೆ ಇಲ್ಲಿಯವರೆಗೆ ಹೇಳಿದ್ದೇನು? ಯಂತ್ರ ಒಂದೇ ಇರಲಿ, ಆದರೆ ಅದು ನಿಂತು ಕಾಯಬೇಕು. ಮಕ್ಕಳು ಅದನ್ನು ಮುಟ್ಟುವಂತಿರಬೇಕು, ತಡೆಯುವಂತಿರಬೇಕು, ಮತ್ತೆ ಕೇಳುವಂತಿರಬೇಕು. ಇನ್ನು ಮುಂದಿನ ಪ್ರಶ್ನೆ. ಯಂತ್ರ ಕೊಟ್ಟು ಮೇಷ್ಟರು ಪಕ್ಕಕ್ಕೆ ಸರಿದರೆ ಸಾಕೇ?

1999ರಲ್ಲಿ ಸುಗತ ಮಿತ್ರಾ ಎಂಬವರು ದೆಹಲಿಯ ಕಾಲ್ಕಾಜಿಯಲ್ಲಿ, ಕೊಳೆಗೇರಿಗೆ ಅಂಟಿಕೊಂಡ ಗೋಡೆಯಲ್ಲಿ ಒಂದು ಕಂಪ್ಯೂಟರ್ ಕೂರಿಸಿದರು. ಮೇಷ್ಟರಿಲ್ಲ, ಬೆಲ್ಲಿಲ್ಲ. ಗಲ್ಲಿಯ ಮಕ್ಕಳು ಗುಂಪುಗೂಡಿದರು. ಒಬ್ಬನ ಕೈಯಲ್ಲಿ ಯಂತ್ರ, ಸುತ್ತ ಹತ್ತು ಮಂದಿಯ ಸಲಹೆ. ತಾವಾಗಿಯೇ ಅದನ್ನು ನಡೆಸುವುದು ಕಲಿತರು. ಲೋಕವೆಲ್ಲ ಬೆರಗಾಯಿತು. ಆಮೇಲೆ ಬೇರೆ ಊರುಗಳಲ್ಲೂ ಕೂರಿಸಿದ ಇಂಥ ಕಂಪ್ಯೂಟರುಗಳನ್ನು ಹೋಗಿ ನೋಡಿದವರು ಇನ್ನೊಂದು ಮುಖವನ್ನೂ ಬರೆದರು. ಆಟ ಮತ್ತು ಚಿತ್ರ ಬಿಡಿಸುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತಿತ್ತು. ದೊಡ್ಡ ಹುಡುಗರು ಮುಂದೆ, ಚಿಕ್ಕವರೂ ಹುಡುಗಿಯರೂ ಹಿಂದೆ. ಕೆಲವು ಊರುಗಳಲ್ಲಿ ಕಂಪ್ಯೂಟರೇ ಉಳಿದಿರಲಿಲ್ಲ.

ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮೂರ ಬೋರ್‌ವೆಲ್ ಮುಂದೆಯೂ ಹಾಗೇ. ಗಟ್ಟಿಗಿತ್ತಿಯ ಕೊಡ ಮೊದಲು ತುಂಬುತ್ತದೆ. ಅದಕ್ಕೇ ಊರಿಗೊಬ್ಬ ನೀರುಗಂಟಿ ಬೇಕಾದದ್ದು. ನೀರಿಗೆ ನೀರುಗಂಟಿ ಇದ್ದಂತೆ ತರಗತಿಗೆ ಮೇಷ್ಟರು. ತೂಬು ಎತ್ತುವುದು ಮಾತ್ರವೇ ಅವರ ಕೆಲಸವಲ್ಲ. ಕಡೇ ಗದ್ದೆಗೆ ನೀರು ಮುಟ್ಟಿತೇ ಎಂದು ಬದುವಿನ ಮೇಲೆ ನಡೆದು ನೋಡಬೇಕು.

ನಾನು ಇಟ್ಟುಕೊಂಡ ಕ್ರಮ ಇಷ್ಟೇ. ಫೋನು ಹಿಡಿದವರು ತಾವಾಗಿ ಏನೂ ಒತ್ತುವಂತಿಲ್ಲ, ಉಳಿದವರು ಹೇಳಿದ್ದನ್ನೇ ಒತ್ತಬೇಕು. ಹೇಳುವವರು ಫೋನು ಮುಟ್ಟುವಂತಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕೈ ಬದಲು. ಗುಂಪಿನಲ್ಲಿ ಯಾರಿಗೆ ಕಡಿಮೆ ಬರುತ್ತದೋ ಅವರ ಕೈಗೆ ಮೊದಲು. ಆಗ ಬುದ್ಧಿವಂತ ಹುಡುಗ ತನಗೆ ಗೊತ್ತಿದ್ದುದನ್ನು ಬಾಯಿಬಿಟ್ಟು, ಇನ್ನೊಬ್ಬರಿಗೆ ತಿಳಿಯುವ ಹಾಗೆ ಹೇಳಲೇಬೇಕಾಗುತ್ತದೆ. ಇದು ನನ್ನ ಹೊಸ ಶೋಧವೇನೂ ಅಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲೂ ಇಬ್ಬರು ಒಂದೇ ಕೀಲಿಮಣೆಯ ಮುಂದೆ ಕೂತು ಕೆಲಸ ಮಾಡುವ ರೂಢಿಯುಂಟು. ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ತಪ್ಪು ಹಿಡಿಯುತ್ತಾರೆ.

ಈಗ ಮಾತಿನ ಇನ್ನೊಂದು ಎಳೆ. ಗುಂಪು ಒಳ್ಳೆಯದು, ಹಂಚಿಕೊಂಡ ಯಂತ್ರ ಒಳ್ಳೆಯದು, ಕೈ ಬದಲಾಯಿಸುವ ಕ್ರಮ ಬೇಕು ಎಂದೆ. ಆದರೆ ಗುಂಪಿನಲ್ಲಿ ಸುಮ್ಮನೆ ತಲೆಯಾಡಿಸುವವರ ಗತಿಯೇನು?

ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಮೇಷ್ಟರಿದ್ದಾರೆ. ಕಷ್ಟದ ಲೆಕ್ಕ ಬಿಡಿಸುವ ತಮ್ಮ ವಿದ್ಯಾರ್ಥಿಗಳು ಸರಳ ಪ್ರಶ್ನೆಯಲ್ಲಿ ಎಡವುವುದನ್ನು ಅವರು ಕಂಡರು. ಒಮ್ಮೆ ವಿವರಿಸಿದರು, ಎರಡನೆಯ ಸಲವೂ ವಿವರಿಸಿದರು. ಮುಖಗಳಲ್ಲಿ ಗೊಂದಲ ಹಾಗೇ ಇತ್ತು. ಬೇಸತ್ತು, ಪಕ್ಕದವರೊಡನೆ ಮಾತಾಡಿಕೊಳ್ಳಿ ಎಂದರಂತೆ. ಕೋಣೆ ತುಂಬ ಗದ್ದಲವೆದ್ದಿತು. ಕೆಲವೇ ನಿಮಿಷದಲ್ಲಿ ಗೊಂದಲ ಹರಿಯಿತು. ನಿನ್ನೆ ಕಲಿತವನಿಗೆ ಎಲ್ಲಿ ಎಡವಿದೆ ಎಂಬುದು ಇನ್ನೂ ನೆನಪಿರುತ್ತದೆ. ಮೇಷ್ಟರಿಗೆ ಅದು ಎಂದೋ ಮರೆತಿರುತ್ತದೆ. 1991ರಿಂದ ಅವರು ಇದನ್ನೇ ಕ್ರಮವಾಗಿ ಬೆಳೆಸಿದರು.

ಅವರ ಕ್ರಮದಲ್ಲಿ ನಾನು ಹಿಡಿದುಕೊಂಡ ಅಂಶ ಒಂದಿದೆ. ಮೊದಲು ಪ್ರತಿಯೊಬ್ಬರೂ ಒಂಟಿಯಾಗಿ ಯೋಚಿಸಿ ಉತ್ತರ ಕೊಡಬೇಕು. ಆಮೇಲೆಯೇ ಮಾತು. ಆಮೇಲೆ ಮತ್ತೊಮ್ಮೆ ಉತ್ತರ. ನೂರಕ್ಕೆ ಸುಮಾರು 30ರಿಂದ 70 ಮಂದಿ ಸರಿಯುತ್ತರ ಕೊಟ್ಟಿದ್ದರೆ ಮಾತಿಗೆ ಬಿಡುವುದು ಲಾಭ. ಅದಕ್ಕಿಂತ ಕಡಿಮೆಯಾದರೆ ಮೇಷ್ಟರೇ ಮತ್ತೆ ಹೇಳಬೇಕು. ಹೆಚ್ಚಾದರೆ ಮುಂದಿನ ಪಾಠ.

ಅಲ್ಲಿ ಉತ್ತರ ಒತ್ತಲು ಕೈಗೊಂದು ಯಂತ್ರ ಬಂತು. ನಮ್ಮಲ್ಲಿ ಅಷ್ಟೂ ಬೇಡ. ಚೌಕನೆಯ ಕಾಗದದ ಚೀಟಿಗಳು ಸಿಗುತ್ತವೆ. ಒಂದೊಂದರ ಮೇಲೂ ಒಂದೊಂದು ಕಪ್ಪು ಗುರುತು. ಯಾವ ಮಗ್ಗುಲು ಮೇಲಾಗಿ ಹಿಡಿದಿರಿ ಎಂಬುದೇ ನಿಮ್ಮ ಉತ್ತರ. ಮೇಷ್ಟರು ತಮ್ಮ ಒಂದೇ ಫೋನಿನಿಂದ ಇಡೀ ತರಗತಿಯ ಚೀಟಿಗಳನ್ನು ಓದಿಸುತ್ತಾರೆ. ಪ್ಲಿಕರ್ಸ್ ಎಂದು ಆ ಆ್ಯಪಿನ ಹೆಸರು. ಪಕ್ಕದವನ ಗುರುತು ನೋಡಿ ನಕಲು ಮಾಡಲು ಆಗುವುದಿಲ್ಲ, ಒಬ್ಬೊಬ್ಬರ ಗುರುತೂ ಬೇರೆ. ನಲವತ್ತು ಮಕ್ಕಳಿಗೆ ಒಂದು ಫೋನು. ನೋಡಿ, ನನ್ನ ನಾಲ್ಕು ತಲೆಯ ಲೆಕ್ಕವನ್ನೂ ಇದು ಮೀರಿಸಿತು.

ಕಾಗದದ ಮಾತು ಬಂದಾಗ ನಮ್ಮ ನಲಿ-ಕಲಿಯನ್ನು ಹೇಳದೆ ಮುಂದೆ ಹೋಗಲಾರೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿ ಬಂದು, ತಮಗೆ ಬೇಕಾದಂತೆ ತಿದ್ದಿಕೊಂಡರು. ಗೋಡೆಯ ಮೇಲೆ ಕಲಿಕೆಯ ಏಣಿ. ಕೈಯಲ್ಲಿ ಕಾರ್ಡು. ನೆಲದ ಮೇಲೆ ಐದು ಗುಂಪು. ಗುಂಪಿಗೆ ಅಲ್ಲಿ 'ತಟ್ಟೆ' ಎನ್ನುತ್ತಾರೆ. ಮೊದಲ ತಟ್ಟೆಗೆ ಶಿಕ್ಷಕರ ಪೂರ್ಣ ನೆರವು. ಎರಡನೆಯದಕ್ಕೆ ಅರ್ಧ. ಮೂರನೆಯದರಲ್ಲಿ ಗೆಳೆಯರೇ ಗುರುಗಳು. ನಾಲ್ಕರಲ್ಲಿ ಗೆಳೆಯರ ನೆರವು ಸ್ವಲ್ಪ. ಐದರಲ್ಲಿ ಮಗು ತಾನೇ ಕಲಿಯುತ್ತದೆ. ಕಾರ್ಡಿನ ಗುರುತು ನೋಡಿ ಆರು ವರ್ಷದ ಮಗು ತಾನು ಯಾವ ತಟ್ಟೆಗೆ ಹೋಗಬೇಕೆಂದು ತಾನೇ ಎದ್ದು ಹೋಗುತ್ತದೆ. ಗೆಳೆಯನಿಂದ ಕಲಿಯುವುದಕ್ಕೆ ಹೀಗೆ ಜಾಗ ಗೊತ್ತುಮಾಡಿ ಚಾಪೆ ಹಾಸಿಟ್ಟ ಇನ್ನೊಂದು ಪದ್ಧತಿಯನ್ನು ನಾನು ಕಂಡಿಲ್ಲ.

ದುಃಖದ ಮಾತೆಂದರೆ, ನಲಿ-ಕಲಿ ಮುಗಿದು ಮೂರನೇ ತರಗತಿ ದಾಟಿದೊಡನೆ ಆ ಮಕ್ಕಳನ್ನು ಮತ್ತೆ ಸಾಲಾಗಿ ಕೂರಿಸುತ್ತೇವೆ. ಪಕ್ಕದವರೊಡನೆ ಮಾತಾಡಿದರೆ ಗದರುತ್ತೇವೆ. ಪ್ರೌಢಶಾಲೆಗೆ ಬಂದಾಗ ನಾನೇ ಮತ್ತೆ ಗುಂಪಿನಲ್ಲಿ ಕೂರುವುದನ್ನು ಹೇಳಿಕೊಡಬೇಕಾಗುತ್ತಿತ್ತು. ಆರನೇ ವಯಸ್ಸಿಗೆ ಬರುತ್ತಿದ್ದ ವಿದ್ಯೆ ಅದು.

ಕೂಡಿ ಕೂರುವುದೇ ತಪ್ಪಿಹೋದ ಕೊರೊನಾ ಕಾಲ ನಿಮಗೆ ನೆನಪಿರಬಹುದು. 2020. ಶಾಲೆಗೆ ಬೀಗ. ನಮ್ಮ ರಾಜ್ಯದಲ್ಲಿ ಮಕ್ಕಳಿದ್ದಲ್ಲಿಗೇ ಪಾಠ ಮುಟ್ಟಿಸುವ 'ವಿದ್ಯಾಗಮ' ಯೋಜನೆ ಬಂತು. ಮಕ್ಕಳನ್ನು ಮೂರು ಬಗೆಯಾಗಿ ಪಟ್ಟಿ ಮಾಡಿದೆವು. ಮನೆಯಲ್ಲಿ ಫೋನೇ ಇಲ್ಲದವರು, ಇಂಟರ್‌ನೆಟ್ ಇಲ್ಲದ ಫೋನಿನವರು, ಇಂಟರ್‌ನೆಟ್ ಇರುವವರು. ಪಟ್ಟಿ ಬರೆಯುವಾಗ ನನ್ನ ಕೈ ತಡವರಿಸಿತು. ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಮೂರು ಕಾಲಮ್ಮಿಗೆ ಹಂಚಿಹೋಗಿದ್ದರು. ಫೋನಿದ್ದವನು ಕೋಣೆಯಲ್ಲಿ ಒಬ್ಬನೇ ವಿಡಿಯೋ ನೋಡಿದ. ಇಲ್ಲದವನು ಕುರಿ ಮೇಯಿಸಲು ಹೋದ. ಆಮೇಲೆ ನಾವು ಊರೂರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಅರಳಿಕಟ್ಟೆಯಲ್ಲಿ ಪಾಠ ಶುರು ಮಾಡಿದಾಗ ಮೂರೂ ಕಾಲಮ್ಮಿನವರು ಒಂದು ಕಡೆ ಬಂದರು. ಆಗ ಇಂಟರ್‌ನೆಟ್ ಇದ್ದ ಫೋನು ಜಗಲಿಯ ನಡುವೆ ಬಂತು. ಅದೇ ಫೋನು, ಅದೇ ವಿಡಿಯೋ. ಈಗ ಅದನ್ನು ನಿಲ್ಲಿಸಿ ನಿಲ್ಲಿಸಿ, "ಇದೇನು ಸಾ?" ಎಂದು ಕೇಳುವವರಿದ್ದರು.

ಕೊನೆಯದಾಗಿ, ಬರೆಯುವ ಕೆಲಸ. ಕನ್ನಡ ವಿಕಿಪೀಡಿಯ ನಿಮಗೆ ಗೊತ್ತಿರಬಹುದು. ಯಾರು ಬೇಕಾದರೂ ಸೇರಿ ಬರೆಯುವ ವಿಶ್ವಕೋಶ. ಅದರ ಪ್ರತಿ ಪುಟದ ಹಿಂದೆ ಇನ್ನೆರಡು ಪುಟಗಳಿರುತ್ತವೆ. ಒಂದು ಚರ್ಚೆ. ಇನ್ನೊಂದು ಇತಿಹಾಸ. ಯಾರು ಯಾವಾಗ ಯಾವ ಸಾಲು ತಿದ್ದಿದರು ಎಂಬುದೆಲ್ಲ ಇತಿಹಾಸದಲ್ಲಿ ಉಳಿದಿರುತ್ತದೆ. ಗುಂಪಿನ ಕೆಲಸದ ಬಗ್ಗೆ ಹೆತ್ತವರ ದೂರು ಸಾಮಾನ್ಯವಾಗಿ ಒಂದೇ. ಒಬ್ಬಳು ಬರೆಯುತ್ತಾಳೆ, ಮೂವರು ಹೆಸರು ಹಾಕುತ್ತಾರೆ. ಇಂಥ ಕಡೆ ಬರೆಸಿದರೆ ಆ ದೂರಿಗೆ ಉತ್ತರ ಸಿಗುತ್ತದೆ. ಇಂಟರ್‌ನೆಟ್ ಇಲ್ಲದ ಕಡೆ ನಾನು ಮಾಡಿದ್ದು ಇನ್ನೂ ಸುಲಭ. ನಾಲ್ವರಿಗೂ ನಾಲ್ಕು ಬಣ್ಣದ ಪೆನ್ನು. ಪುಟ ನೋಡಿದರೆ ಯಾರ ಬಣ್ಣ ಎಷ್ಟಿದೆ ಎಂದು ತಿಳಿಯುತ್ತದೆ. ಆ ಕೆರೆಯ ಪುಟದಲ್ಲಿ, ಕಡೇ ಗದ್ದೆಯ ಹುಡುಗಿಯ ಹಸಿರು ಬಣ್ಣದ ಸಾಲು ಮೊದಲರ್ಧದಲ್ಲಿ ಒಂದೂ ಇರಲಿಲ್ಲ. 'ಕಡೇ ಗದ್ದೆ' ಎಂಬಲ್ಲಿಂದ ಕೊನೆಯವರೆಗೆ ಹಸಿರೇ.

ಸಮಯ ಮುಗಿಯುತ್ತಾ ಬಂತು. ಒಂದು ಹಳೆಯ ಸಂಕಟ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡಿದ ಒಂದು ಶಾಲೆಗೆ ಹತ್ತು ಕಂಪ್ಯೂಟರ್ ಬಂದವು. ಕೆಟ್ಟುಹೋದರೆ ಯಾರು ಜವಾಬು ಕೊಡಬೇಕೆಂಬ ಹೆದರಿಕೆಯಿಂದ ಕೋಣೆಗೆ ಬೀಗ ಬಿತ್ತು. ತಪಾಸಣೆಯ ದಿನ ತೆರೆಯುತ್ತಿದ್ದರು, ಧೂಳು ಒರೆಸುತ್ತಿದ್ದರು, ಮತ್ತೆ ಬೀಗ. ಮಕ್ಕಳು ಬಳಸಿ ಕೆಡಿಸಲಿಲ್ಲ. ಬ್ಯಾಟರಿ ತಾನಾಗಿ ಸತ್ತಿತು. ಇಲಿ ತಂತಿ ಕಡಿಯಿತು.

ಈ ಮಾತು ಕೇಳುತ್ತಿರುವ ಮೇಷ್ಟರುಗಳೇ, ಮೇಡಂಗಳೇ, ಶಾಲಾಭಿವೃದ್ಧಿ ಸಮಿತಿಯವರೇ, ನಿಮ್ಮ ಶಾಲೆಯಲ್ಲೂ ಅಂಥದೊಂದು ಬೀಗ ಇರಬಹುದು. ನಾಳೆ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅದನ್ನು ತೆಗೆಯಿರಿ. ನಡೆಯುವ ಯಂತ್ರ ಎಷ್ಟಿವೆ ಎಣಿಸಿ. ಎರಡೇ ಇದ್ದರೂ ಎಂಟು ಮಕ್ಕಳನ್ನು ಕರೆಯಿರಿ. ಮನೆಯಲ್ಲಿ ಹಳೆಯ ಫೋನು ಡ್ರಾಯರಿನಲ್ಲಿ ಬಿದ್ದಿದ್ದರೆ, ಕೇಳುಗರೇ, ಅದರಲ್ಲಿರುವ ನಿಮ್ಮ ಫೋಟೋ, ಲೆಕ್ಕಪತ್ರ ಎಲ್ಲ ಅಳಿಸಿ, ಸಿಮ್ ತೆಗೆದು, ಹತ್ತಿರದ ಸರ್ಕಾರಿ ಶಾಲೆಗೆ ಕೊಟ್ಟು ಬನ್ನಿ. ಚಾರ್ಜರ್ ಮರೆಯಬೇಡಿ.